ನಾಳೆ ಬನ್ನಿ, ವಾರ ಬಿಟ್ಟು ಬನ್ನಿ: ಪರದೆ ಆಪರೇಷನ್ನಿನ ಚೆಕಪ್ ದಿನಗಳು ಎಲ್ಲಿಂದ ಬಂದವು?

ಕಣ್ಣಿನ ಪರದೆ, ಅಂದರೆ ರೆಟಿನಾ ಆಪರೇಷನ್ ಆದವರ ಡಿಸ್ಚಾರ್ಜ್ ಚೀಟಿ ತೆಗೆದು ನೋಡಿ. ಡ್ರಾಪ್ಸ್ ಹೆಸರುಗಳ ಕೆಳಗೆ ಸಾಮಾನ್ಯವಾಗಿ ಮೂರು ತಾರೀಖು ಇರುತ್ತವೆ. ಮರುದಿನ, ವಾರದ ಮೇಲೆ, ತಿಂಗಳ ಮೇಲೆ. ರಾತ್ರಿ ಬಸ್ಸಿನಲ್ಲಿ ಕೂತು ಬರುವವರಿಗೆ ಇದೊಂದು ದೊಡ್ಡ ತಲೆನೋವು. "ನೋವಿಲ್ಲ, ಕೆಂಪಿಲ್ಲ, ಸುಮ್ನೆ ಯಾಕೆ ಕರೆಸ್ತಾರೆ?" ಅನ್ನುವವರೇ ಜಾಸ್ತಿ.

ನೂರು ವರ್ಷದ ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ಪರದೆ ಕಳಚಿತೆಂದರೆ ಕಣ್ಣು ಹೋಯಿತು ಅಂತಲೇ ಲೆಕ್ಕ. ಪರದೆಯಲ್ಲಿ ಬೀಳುವ ತೂತೇ ಇದಕ್ಕೆ ಮೂಲ, ಅದನ್ನು ಸುಟ್ಟು ಮುಚ್ಚಿದರೆ ಕಣ್ಣು ಉಳಿಯುತ್ತದೆ ಎಂದು 1920ರ ದಶಕದಲ್ಲಿ ತೋರಿಸಿಕೊಟ್ಟವರು ಸ್ವಿಟ್ಜರ್ಲೆಂಡಿನ ಜೂಲ್ ಗೊನಿನ್. ಆಗೆಲ್ಲ ಆಪರೇಷನ್ ಆದವರು ಬೇಗ ಮನೆಗೆ ಹೋಗುವ ಮಾತಿರಲಿಲ್ಲ. ಎರಡೂ ಕಣ್ಣಿಗೆ ಪಟ್ಟಿ, ತಲೆ ಅಲ್ಲಾಡದಂತೆ ಅಕ್ಕಪಕ್ಕ ಮರಳಿನ ಚೀಲ, ವಾರಗಟ್ಟಲೆ ಹಾಸಿಗೆ. ಡಾಕ್ಟರೇ ದಿನಾ ವಾರ್ಡಿಗೆ ಬರುವಾಗ ಚೆಕಪ್ಪಿಗೆ ಬೇರೆ ದಿನ ಯಾಕೆ ಬೇಕು?

ಆಮೇಲೆ ಒಂದೊಂದೇ ಬದಲಾಯಿತು. 1940ರ ದಶಕದಲ್ಲಿ ಚಾರ್ಲ್ಸ್ ಸ್ಕೆಪೆನ್ಸ್ ತಲೆಗೆ ಕಟ್ಟಿಕೊಂಡು ಪರದೆಯ ಅಂಚಿನವರೆಗೂ ನೋಡುವ ಉಪಕರಣ ಮಾಡಿದರು. 1970ರ ಸುಮಾರಿಗೆ ಅಮೆರಿಕದ ಮಯಾಮಿಯಲ್ಲಿ ರಾಬರ್ಟ್ ಮಾಕೆಮರ್ ಸಣ್ಣ ರಂಧ್ರದಿಂದ ಒಳಗಿನ ಲೋಳೆ ತೆಗೆಯುವ ವಿಟ್ರೆಕ್ಟಮಿ ಶುರುಮಾಡಿದರು. ಬರಬರುತ್ತಾ ರೋಗಿಗಳನ್ನು ಬೇಗ ಮನೆಗೆ ಕಳಿಸತೊಡಗಿದರು. "ಮತ್ತೆ ಯಾವಾಗ ಬರಲಿ?" ಎಂಬ ಪ್ರಶ್ನೆ ಹುಟ್ಟಿದ್ದೇ ಆಗ. ನನಗಂತೂ ಮರುದಿನದ ಚೆಕಪ್ ಆ ಹಳೇ ವಾರ್ಡ್ ರೌಂಡಿನ ಬಾಲದ ಹಾಗೆ ಕಾಣುತ್ತದೆ.

ಹಾಗಂತ ಅದು ದಂಡ ಅಲ್ಲ. ಮರುದಿನ ಮುಖ್ಯವಾಗಿ ನೋಡುವುದು ಕಣ್ಣಿನ ಪ್ರೆಶರ್. ಅದು ವಿಪರೀತ ಏರಿದರೆ ಕಣ್ಣಿನ ನರಕ್ಕೆ ಪೆಟ್ಟು. ಮೊದಲ ವಾರದಲ್ಲಿ ಸೋಂಕಿನ ಭಯ.

ಪರದೆಯನ್ನು ಒತ್ತಿ ಹಿಡಿಯಲು ಕಣ್ಣಿನೊಳಗೆ ಗ್ಯಾಸ್ ತುಂಬುವ ಪದ್ಧತಿ 1970ರ ದಶಕದಲ್ಲಿ ಬೇರೂರಿತು. ಒಂದು ಬಗೆಯ ಗ್ಯಾಸ್ ಸುಮಾರು ಎರಡು ವಾರ ಇರುತ್ತದೆ, ಇನ್ನೊಂದು ಆರೆಂಟು ವಾರ. ಮೊದಮೊದಲು ಎಲ್ಲಾ ಮಂಜು. ಆಮೇಲೆ ಒಂದು ದಿನ ನೋಟದ ಮೇಲ್ಭಾಗ ತಿಳಿಯಾಗಿ, ನಡುವೆ ಒಂದು ಗೆರೆ ಕಾಣುತ್ತದೆ. ತಲೆ ಆಡಿಸಿದರೆ ಲೋಟದ ನೀರಿನಂತೆ ತುಳುಕುತ್ತದೆ. ದಿನದಿನಕ್ಕೆ ಕೆಳಗಿಳಿಯುತ್ತಾ ಕೊನೆಗೆ ತಳದಲ್ಲೊಂದು ಗುಳ್ಳೆಯಾಗಿ ಮಾಯವಾಗುತ್ತದೆ. ಗುಳ್ಳೆ ಇರುವವರೆಗೆ ವಿಮಾನ ಹತ್ತುವಂತಿಲ್ಲ, ಮೇಲೆ ಹೋದಂತೆ ಗ್ಯಾಸ್ ಹಿಗ್ಗಿ ಪ್ರೆಶರ್ ಏರುತ್ತದೆ. ನಮ್ಮ ಕಡೆ ಘಟ್ಟವೂ ಲೆಕ್ಕಕ್ಕೆ ಬರುತ್ತದೆ. ಮಂಗಳೂರಲ್ಲಿ ಗ್ಯಾಸ್ ಹಾಕಿಸಿಕೊಂಡು ಸಾವಿರ ಮೀಟರಿಗೂ ಎತ್ತರದ ಮಡಿಕೇರಿಗೆ ಮರಳುವವರು, ಹೊರಡುವ ಮುಂಚೆ ಡಾಕ್ಟರನ್ನು ಕೇಳಲೇಬೇಕು.

ತಿಂಗಳ ಚೆಕಪ್ಪಿನ ಕಾರಣವೇ ಬೇರೆ. ಕೆಲವರಲ್ಲಿ ಪರದೆಯ ಮೇಲೆ ಗಾಯದ ಕಲೆಯಂಥ ತೆಳು ಪೊರೆ ಬೆಳೆದು, ಕೂತಿದ್ದ ಪರದೆಯನ್ನು ಮತ್ತೆ ಎಳೆಯುತ್ತದೆ. ಇದಕ್ಕೆ 1983ರಲ್ಲಿ ಪಿವಿಆರ್ ಅಂತ ಹೆಸರಿಟ್ಟರು. ಸಾಮಾನ್ಯವಾಗಿ ಇದು ತಲೆ ಎತ್ತುವುದು ನಾಲ್ಕರಿಂದ ಎಂಟು ವಾರದ ನಡುವೆ. ಪರದೆಗೆ ನೋವು ಗೊತ್ತೇ ಆಗುವುದಿಲ್ಲ ನೋಡಿ, ಹಾಗಾಗಿ ಎಳೆಯುವುದೂ ತಿಳಿಯುವುದಿಲ್ಲ. ಎಲ್ಲಾ ಚೆನ್ನಾಗಿದೆ ಅಂತ ಜನ ತಪ್ಪಿಸುವುದು ಇದೇ ಚೆಕಪ್ಪನ್ನ. ಮೂರರಲ್ಲಿ ನನ್ನ ಮಟ್ಟಿಗೆ ತಪ್ಪಿಸಲೇಬಾರದ್ದೂ ಇದೇ.

2002ರ ಹೊತ್ತಿಗೆ ಹೊಲಿಗೆ ಬೇಡದಷ್ಟು ಸಪೂರ ಸಲಕರಣೆ ಬಂದ ಮೇಲೆ, ಮರುದಿನ ಎಲ್ಲರೂ ಬರಬೇಕಾ ಎಂಬ ಚರ್ಚೆ ಬಲವಾಯಿತು. 2020ರ ಲಾಕ್‌ಡೌನ್ ಅದನ್ನು ಮತ್ತಷ್ಟು ಕೆದಕಿತು. ಕೆಲವು ಡಾಕ್ಟರುಗಳು ಆಪರೇಷನ್ ದಿನವೇ ಪ್ರೆಶರ್ ನೋಡಿ ಕಳಿಸುತ್ತಾರೆ. ಗ್ಲಾಕೋಮಾ, ಅಂದರೆ ಸಾಮಾನ್ಯವಾಗಿ ಪ್ರೆಶರಿನಿಂದ ಕಣ್ಣಿನ ನರ ಸವೆಯುವ ಕಾಯಿಲೆ ಇದ್ದವರನ್ನು ಹೀಗೆ ಬಿಡಲು ಹೆಚ್ಚಿನವರಿಗೆ ಧೈರ್ಯ ಬರುವುದಿಲ್ಲ.

ಗ್ಯಾಸ್ ಬದಲು ಸಿಲಿಕಾನ್ ಎಣ್ಣೆ ಹಾಕಿಸಿಕೊಂಡವರ ಚೀಟಿಯಲ್ಲಿ ಇನ್ನೂ ಒಂದು ಸಾಲು ಇರುತ್ತದೆ. ಅದು ತಾನಾಗಿ ಕರಗುವುದಿಲ್ಲ. ಹೆಚ್ಚಿನವರಿಗೆ ಮೂರರಿಂದ ಆರು ತಿಂಗಳೊಳಗೆ ಇನ್ನೊಂದು ಆಪರೇಷನ್ ಮಾಡಿ ತೆಗೆಯುತ್ತಾರೆ. ಅಲ್ಲಿಂದ ಮತ್ತೆ ಮರುದಿನ, ವಾರ, ತಿಂಗಳು.