ಹನಿಮೂನಿನ ಊರಲ್ಲಿ ಡಾಕ್ಟರು ಕೇಳದ ಪ್ರಶ್ನೆ

ಕೊಡಗನ್ನು ಹೊರಗಿನವರಿಗೆ ತೋರಿಸಲು ಜಾಹೀರಾತಿನವರ ಬಳಿ ಮೂರೇ ಸರಕು: ಮಂಜು, ಕಾಫಿ, ಹೊಸ ಜೋಡಿ. ರಾಜಾಸೀಟಿನಲ್ಲಿ ಸೂರ್ಯಾಸ್ತ ನೋಡುವ ಗಂಡ ಹೆಂಡತಿ, ಮಾಂದಲಪಟ್ಟಿಯ ಜೀಪು, ಹಾಸಿಗೆ ಮೇಲೆ ಗುಲಾಬಿ ಎಸಳು ಚೆಲ್ಲಿದ ಹೋಂಸ್ಟೇ ಕೋಣೆ. ಚಿತ್ರ ಅಲ್ಲಿಗೆ ಮುಗಿಯಿತು. ಸಿನಿಮಾದಲ್ಲೂ ಅಷ್ಟೇ, ಹಾಲಿನ ಲೋಟ ಕೈ ಬದಲಾದ ಮೇಲೆ ದೀಪ ಆರುತ್ತದೆ. ಆಮೇಲೆ ಏನಾದರೂ ಎಡವಟ್ಟಾದರೆ ಅದು ವೈದ್ಯರ ಪಾಲು, ಅಲ್ಲಿಯವರೆಗೆ ಹೋಗುವ ಧೈರ್ಯವಿದ್ದರೆ.

ಹೆಂಗಸರಿಂದಲೇ ಶುರು ಮಾಡುತ್ತೇನೆ, ಅವರನ್ನು ಕೇಳುವವರು ಕಡಿಮೆ. ಬೆಂಗಳೂರಿನಿಂದ ಮಡಿಕೇರಿಗೆ ಬಸ್ಸಿನಲ್ಲಿ ಐದಾರು ಗಂಟೆ. ದಾರಿಯ ಶೌಚಾಲಯಗಳಿಗೆ ಹೆದರಿ ಹುಡುಗಿ ನೀರೇ ಕುಡಿದಿರುವುದಿಲ್ಲ. ಎರಡು ಮೂರು ದಿನ ಕಳೆಯುವಷ್ಟರಲ್ಲಿ ಉರಿಮೂತ್ರ, ಗಳಿಗೆಗೊಮ್ಮೆ ಅವಸರ, ಕೆಳಹೊಟ್ಟೆಯಲ್ಲಿ ನೋವು. ವೈದ್ಯರು ಇದನ್ನು ಹನಿಮೂನ್ ಸಿಸ್ಟೈಟಿಸ್ ಎಂದೇ ಕರೆಯುತ್ತಾರೆ. ಹೆಂಗಸರ ಮೂತ್ರನಾಳ ಸುಮಾರು 4 ಸೆಂ.ಮೀ. ಉದ್ದ, ಅಷ್ಟೇ. ಕರುಳಿನಲ್ಲಿ ಸಹಜವಾಗಿಯೇ ಇರುವ ಇ. ಕೋಲಿ ಬ್ಯಾಕ್ಟೀರಿಯಾ ಸಂಭೋಗದ ವೇಳೆ ಅದರೊಳಕ್ಕೆ ಸರಿದು ಮೂತ್ರಕೋಶ ಮುಟ್ಟುವುದು ಕಷ್ಟವಲ್ಲ. ಇದು ಗಂಡನಿಂದ ಅಂಟಿದ ಗುಪ್ತರೋಗವಲ್ಲ, ಯಾರ ನಡತೆಯ ಮೇಲೂ ಷರಾ ಅಲ್ಲ. ಧಾರಾಳ ನೀರು ಕುಡಿಯಬೇಕು, ಕೂಡಿದ ಮೇಲೆ ಮೂತ್ರ ಮಾಡಿ ಬರಬೇಕು. ಆದರೂ ಬಂದರೆ ಮೂತ್ರಪರೀಕ್ಷೆ, ಕೆಲವು ದಿನಗಳ ಆ್ಯಂಟಿಬಯಾಟಿಕ್. ಚಳಿಜ್ವರ, ಸೊಂಟದ ಮೇಲ್ಭಾಗದಲ್ಲಿ ನೋವು ಸೇರಿಕೊಂಡರೆ ಮಾತ್ರ ತಡ ಮಾಡುವಂತಿಲ್ಲ, ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು. ಕೊಡಗಿಗೆ ಬರುವಾಗ ಏನೇನು ತರಬೇಕೆಂದು ಪಟ್ಟಿ ಕೊಡುವ ಪ್ರವಾಸಿ ಪುಟಗಳಲ್ಲಿ ಸ್ವೆಟರ್ ಇರುತ್ತದೆ, ಜಿಗಣೆಗೆ ಉಪ್ಪು ಇರುತ್ತದೆ, ಇದು ಇರುವುದಿಲ್ಲ.

ಇನ್ನು ಕೆಲವರಿಗೆ ಕೂಡುವುದೇ ಆಗುವುದಿಲ್ಲ. ಭಯಕ್ಕೋ ನೋವಿನ ನಿರೀಕ್ಷೆಗೋ ಯೋನಿಯ ಸುತ್ತಲಿನ ಸ್ನಾಯುಗಳು ತಾವಾಗಿ ಬಿಗಿದುಕೊಳ್ಳುತ್ತವೆ. ಕಣ್ಣಿನ ಹತ್ತಿರ ಬೆರಳು ತಂದರೆ ರೆಪ್ಪೆ ಮುಚ್ಚುವಷ್ಟೇ ತಡೆಯಲಾಗದ ಕ್ರಿಯೆ ಅದು. ವ್ಯಾಜೈನಿಸ್ಮಸ್ ಎನ್ನುವ ಈ ತೊಂದರೆಗೆ ಸ್ನಾಯು ಸಡಿಲಿಸುವ ವ್ಯಾಯಾಮ, ಹಂತಹಂತವಾದ ಅಭ್ಯಾಸ, ಆಪ್ತಸಲಹೆ ಎಲ್ಲ ಇದೆ, ಗುಣವೂ ಆಗುತ್ತದೆ. ನಮ್ಮ ಮನೆಗಳಲ್ಲಿ ಮಾತ್ರ ಅದಕ್ಕೆ ಸಿಗುವ ಅರ್ಥವೇ ಬೇರೆ: ಹುಡುಗಿಗೆ ಗಂಡ ಇಷ್ಟವಿಲ್ಲ, ಅಥವಾ ಇನ್ಯಾರೋ ಇದ್ದಾರೆ.

ಹುಡುಗನ ಪಾಡೂ ಸುಖದ್ದಲ್ಲ. ಮದುವೆಯ ಗದ್ದಲ, ನಿಂತು ನಿಂತು ಸೋತ ಕಾಲು, ನಿದ್ದೆಗೇಡು, ಗೆಳೆಯರು ಒತ್ತಾಯಿಸಿ ಕುಡಿಸಿದ ಎರಡು ಪೆಗ್ಗು. ನಿಮಿರುವಿಕೆ ನಡೆಯುವುದು ದೇಹ ನಿರಾಳವಾಗಿದ್ದಾಗ ಕೆಲಸ ಮಾಡುವ ನರಗಳಿಂದ. ಹೆದರಿದಾಗ ಚಿಮ್ಮುವ ಅಡ್ರಿನಲಿನ್ ಅಲ್ಲಿನ ರಕ್ತನಾಳಗಳನ್ನು ಬಿಗಿಸುತ್ತದೆ. ಮೊದಲ ರಾತ್ರಿಯ ಸೋಲು ಬಹುಪಾಲು ಇಷ್ಟೇ. ಆದರೆ ಅವನ ತಲೆಯಲ್ಲಿರುವುದು ಬಸ್ ಸ್ಟ್ಯಾಂಡಿನ ಗೋಡೆ ಮೇಲೆ ಓದಿದ ಪೌರುಷ, ಮೊಬೈಲಿನಲ್ಲಿ ನೋಡಿದ ಗಂಟೆಗಟ್ಟಲೆಯ ಆಟ. ಐದು ದೇಶಗಳ 500 ಜೋಡಿಗಳ ಕೈಗೆ ಸ್ಟಾಪ್‌ವಾಚ್ ಕೊಟ್ಟು ಅಳೆದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು (ಗಡಿಯಾರ ಒತ್ತುವ ಕೆಲಸ ಹೆಂಡತಿಯದಂತೆ!). ಕೂಟ ನಡೆದ ಹೊತ್ತಿನ ಮಧ್ಯಂಕ 5.4 ನಿಮಿಷ, ಅಂದರೆ ಅರ್ಧ ಜೋಡಿಗಳದು ಅದಕ್ಕಿಂತ ಕಡಿಮೆ, ಇನ್ನರ್ಧದವರದು ಹೆಚ್ಚು. ಲೈಂಗಿಕ ಶಕ್ತಿ ಹೆಚ್ಚಿಸುವುದಾಗಿ ಔಷಧದ ಜಾಹೀರಾತು ಕೊಡುವುದನ್ನು ನಮ್ಮ ದೇಶ 1954ರ ಕಾಯ್ದೆಯಲ್ಲೇ ನಿಷೇಧಿಸಿದೆ. ಗೋಡೆಗಳಿಗೆ ಅದು ತಿಳಿದಂತಿಲ್ಲ.

ಮಾತ್ರೆಯ ಕಥೆ ಬೇರೆ, ಅದು ನಿಜಕ್ಕೂ ಕೆಲಸ ಮಾಡುತ್ತದೆ. ಸಿಲ್ಡೆನಾಫಿಲನ್ನು ಇಂಗ್ಲೆಂಡಿನಲ್ಲಿ ಫೈಜರ್ ಕಂಪನಿ ಪರೀಕ್ಷಿಸುತ್ತಿದ್ದದ್ದು ಎದೆನೋವಿಗೆ. ಎದೆಗೆ ಹೆಚ್ಚೇನೂ ಆಗಲಿಲ್ಲ, ಬೇರೆ ಪರಿಣಾಮ ಕಂಡಿತು. 1998ರಲ್ಲಿ ವಯಾಗ್ರವಾಗಿ ಮಾರುಕಟ್ಟೆಗೆ ಬಂತು. ರಕ್ತನಾಳ ಸಡಿಲಗೊಳಿಸುವ ರಾಸಾಯನಿಕವನ್ನು ಒಡೆಯುವ ಕಿಣ್ವಕ್ಕೆ ಅದು ಅಡ್ಡ ನಿಲ್ಲುತ್ತದೆ. ಬಯಕೆ ಹುಟ್ಟಿಸುವ ಶಕ್ತಿ ಅದಕ್ಕಿಲ್ಲ. ಪತ್ರಿಕೆಗಳು ಇದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದವು. 2015ರಲ್ಲಿ ಅಮೆರಿಕ ಫ್ಲಿಬಾನ್ಸೆರಿನ್‌ಗೆ ಒಪ್ಪಿಗೆ ಕೊಟ್ಟಾಗ ಹೆಂಗಸರ ವಯಾಗ್ರ ಬಂತೆಂದು ಸುದ್ದಿಯಾಯಿತು. ಅದು ರಕ್ತನಾಳದ್ದಲ್ಲ, ಮಿದುಳಿನ ಮೇಲೆ ಕೆಲಸ ಮಾಡುವ, ಮೊದಲು ಖಿನ್ನತೆಗೆಂದು ತಯಾರಾದ ಔಷಧ. ದಿನವೂ ನುಂಗಿದರೆ ಸಿಕ್ಕ ಲಾಭ ತಿಂಗಳಿಗೆ ಹೆಚ್ಚೆಂದರೆ ಒಂದು ತೃಪ್ತಿಯ ಕೂಟ, ಹಲವು ಪರೀಕ್ಷೆಗಳಲ್ಲಿ ಅದಕ್ಕಿಂತಲೂ ಕಡಿಮೆ.

ನನಗೆ ಇದಕ್ಕಿಂತ ಉಪಯುಕ್ತ ಅನಿಸುವುದು ಕೆನಡಾದ ವೈದ್ಯೆ ರೋಸ್ಮರಿ ಬ್ಯಾಸನ್ 2000ದಲ್ಲಿ ಮುಂದಿಟ್ಟ ಮಾದರಿ. ಬಯಕೆ ಮೊದಲು, ಸ್ಪರ್ಶ ಆಮೇಲೆ ಎಂಬ ಕ್ರಮ ಎಲ್ಲರದೂ ಅಲ್ಲ. ಎಷ್ಟೋ ಹೆಂಗಸರಲ್ಲಿ ಸಲುಗೆ, ಸ್ಪರ್ಶಗಳಿಂದಲೇ ಬಯಕೆ ಹುಟ್ಟುತ್ತದೆ. ಹಗಲಿಡೀ ಕಾಫಿ ಕೊಯ್ದು, ಮಕ್ಕಳು ಅತ್ತೆಯೆಲ್ಲ ಒಂದೇ ಕೋಣೆಯಲ್ಲಿ ಮಲಗುವ, ತೋಟದ ಕೂಲಿಗಳ ಲೈನ್ ಮನೆಗೆ ಮರಳುವವಳಿಗೆ ಆಸೆ ತಾನಾಗಿ ಏಳದಿದ್ದರೆ ಅದಕ್ಕೆ ರೋಗದ ಹೆಸರೇಕೆ?

ನಿಮಿರುವಿಕೆಯ ತೊಂದರೆ ನಡುವಯಸ್ಸು ದಾಟಿದ ಗಂಡಸರಲ್ಲಿ ಕಂಡರೆ ಮಾತ್ರ ಲೆಕ್ಕ ಬದಲಾಗುತ್ತದೆ. ಶಿಶ್ನದ ಅಪಧಮನಿಗಳು 1–2 ಮಿ.ಮೀ. ಅಗಲ, ಹೃದಯದವು 3–4. ಸಕ್ಕರೆ ಕಾಯಿಲೆ, ಬಿಪಿ, ಸಿಗರೇಟು ನಾಳಗಳನ್ನು ಕೆಡಿಸುವಾಗ ಸಣ್ಣದು ಮೊದಲು ಕೈಕೊಡುತ್ತದೆ; ಹೃದಯದ ತೊಂದರೆ ಕಾಣಿಸುವ ಎರಡು ಮೂರು ವರ್ಷ ಮುಂಚೆಯೇ ಹೀಗಾಗುವುದುಂಟು. ಸೈನ್ಯದಿಂದ ನಿವೃತ್ತರಾಗಿ ತೋಟ ನೋಡಿಕೊಳ್ಳುವವರೊಬ್ಬರು ಶುಗರ್ ತೋರಿಸಲು ಬಂದಾಗ ಡಾಕ್ಟರು ಇದನ್ನು ಕೇಳಿದರೆ ಹೃದಯದ ಪರೀಕ್ಷೆಗೂ ದಾರಿಯಾಗುತ್ತಿತ್ತು. ಕೇಳುವುದಿಲ್ಲ. ಇವರೂ ಬಾಯಿ ಬಿಡುವುದಿಲ್ಲ, ಮನೆತನದ ಹೆಸರು ಹೇಳಿದರೆ ಮೂರು ತಲೆಮಾರು ಗುರುತು ಸಿಗುವ ಜಿಲ್ಲೆ ಇದು. ಮೈಸೂರಿಗೆ ಹೋಗಿ, ಪರಿಚಯವಿಲ್ಲದ ಅಂಗಡಿಯಲ್ಲಿ ಮಾತ್ರೆ ತರುತ್ತಾರೆ.

ಅಪಾಯ ಇರುವುದು ಇಲ್ಲೇ. ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೇಟ್ ಮಾತ್ರೆಯೂ ಸಿಲ್ಡೆನಾಫಿಲೂ ಒಟ್ಟಾದರೆ ರಕ್ತದೊತ್ತಡ ಪ್ರಾಣ ಹೋಗುವಷ್ಟು ಕುಸಿಯಬಹುದು. ಸಿಲ್ಡೆನಾಫಿಲ್ ನುಂಗಿ 24 ಗಂಟೆ, ಅದೇ ಜಾತಿಯ ಟಡಾಲಾಫಿಲ್ ಆದರೆ 48 ಗಂಟೆ ಕಳೆಯುವವರೆಗೆ ನೈಟ್ರೇಟ್ ಕೊಡುವಂತಿಲ್ಲ. ರಾತ್ರಿ ಆಂಬುಲೆನ್ಸಿನಲ್ಲಿ ಜೊತೆಗೆ ಬಂದ ಮಗನಿಗೆ ಆ ಮಾತ್ರೆಯ ವಿಷಯ ಗೊತ್ತಿರುವುದಿಲ್ಲ. ಹೆಂಡತಿಗೆ ಗೊತ್ತಿರಬಹುದು, ಮಗನನ್ನು ಸ್ವಲ್ಪ ಹೊರಗೆ ಕಳಿಸಿ ಕೇಳಿದರೆ ಹೇಳುತ್ತಾರೆ.