ಪಿತ್ತಕೋಶದ ಕಲ್ಲು ಕರುಳಿಗೆ ಹೇಗೆ ಬಂತು?

ಪ್ರಶ್ನೆ: ನಮ್ಮ ಅವ್ವನಿಗೆ 72 ವರ್ಷ. ನಾಲ್ಕು ದಿನ ವಾಂತಿ, ಹೊಟ್ಟೆನೋವು. ತೊಗರಿ ರಾಶಿ ಮುಗಿಯಲಿ ಅಂತ ನಾವೂ ತಡ ಮಾಡಿದೆವು. ಕರುಳು ಕಟ್ಟಿದೆ ಎಂದು ಕಲಬುರಗಿಯಲ್ಲಿ ಆಪರೇಷನ್ ಮಾಡಿ, ಕರುಳಿನಿಂದ ಪಿತ್ತಕೋಶದ ಕಲ್ಲು ತೆಗೆದರು. ಪಿತ್ತಕೋಶ ಮಾತ್ರ ಹಾಗೇ ಬಿಟ್ಟಿದ್ದಾರೆ. ಅರ್ಧ ಕೆಲಸ ಆದಂತಾಗಲಿಲ್ವಾ?
– ಸೇಡಂ ತಾಲ್ಲೂಕಿನ ಓದುಗರು

ಉತ್ತರ: ಬಹಳ ಮಟ್ಟಿಗೆ ಬೇಕೆಂದೇ ಬಿಟ್ಟಿರುತ್ತಾರೆ. ಕಲ್ಲು ಬಂದ ದಾರಿ ನೋಡಿದರೆ ಕಾರಣ ತಿಳಿಯುತ್ತದೆ.

ಪಿತ್ತಕೋಶದ ಮಾಮೂಲಿ ನಾಳದಲ್ಲಿ ಅಷ್ಟು ದೊಡ್ಡ ಕಲ್ಲು ಹಾಯುವುದಿಲ್ಲ. ವರ್ಷಗಟ್ಟಲೆ ಒಳಗೇ ಕೂತು, ಗೋಡೆಯನ್ನು ಒತ್ತಿ ಒತ್ತಿ ಹುಣ್ಣು ಮಾಡುತ್ತದೆ. ಪಕ್ಕದ ಸಣ್ಣ ಕರುಳು ಅದಕ್ಕೆ ಅಂಟಿಕೊಂಡು, ಕೊನೆಗೆ ನಡುವೆ ತೂತು ಬೀಳುತ್ತದೆ. ಆ ಕಳ್ಳದಾರಿಯಿಂದ ಕಲ್ಲು ಕರುಳಿಗೆ ಇಳಿಯುತ್ತದೆ. ಚಿಕ್ಕದಾದರೆ ಮಲದ ಜೊತೆ ಹೋದೀತು. 2.5 ಸೆಂ.ಮೀ. ದಾಟಿದ್ದು, ಹೆಚ್ಚುಕಮ್ಮಿ ಹತ್ತು ರೂಪಾಯಿ ನಾಣ್ಯದಷ್ಟು ಅಗಲದ್ದು, ಸಣ್ಣ ಕರುಳಿನ ಕೊನೆಯ ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ.

ದಾರಿಯಲ್ಲಿ ಅದು ನಿಂತಾಗ ನೋವು, ಉರುಳಿದಾಗ ಆರಾಮ. ಅದಕ್ಕೇ 'ಗ್ಯಾಸ್ ಆಗ್ಯಾದ, ಅಜವಾನ ನೀರು ಕುಡಿ' ಅನ್ನುವುದು. ಬೆಳಿಗ್ಗೆ ವಾಂತಿ ಮಾಡಿದ ಅವ್ವ ಸಂಜೆ ರೊಟ್ಟಿ ಬಡಿಯುತ್ತಾ ಕೂತರೆ ಯಾರಿಗೆ ತಾನೇ ಅನುಮಾನ ಬರುತ್ತೆ?

ಎಕ್ಸ್‌-ರೇಯಲ್ಲಿ ಇಂಥ ಕಲ್ಲು ಬಹಳ ಸಲ ಕಾಣುವುದೇ ಇಲ್ಲ. ಸಿಟಿ ಸ್ಕ್ಯಾನ್‌ನಲ್ಲಿ ಉಬ್ಬಿದ ಕರುಳು, ಇರಬಾರದ ಜಾಗದಲ್ಲಿ ಕಲ್ಲು, ಜೊತೆಗೆ ಪಿತ್ತನಾಳದಲ್ಲಿ ಗಾಳಿ ಕಂಡರೆ ಗುಟ್ಟು ರಟ್ಟು. ಕರುಳಿನ ಗಾಳಿ ಅದೇ ತೂತಿನಿಂದ ಮೇಲಕ್ಕೆ ನುಗ್ಗಿರುತ್ತದೆ. ಈ ಮೂರನ್ನೂ ಸೇರಿಸಿ ನೋಡಬೇಕೆಂದು ಅಮೆರಿಕದ ಎಕ್ಸ್‌-ರೇ ತಜ್ಞ ರಿಗ್ಲರ್ ಮತ್ತು ಸಂಗಡಿಗರು, ಸಿಟಿ ಸ್ಕ್ಯಾನ್ ಇಲ್ಲದ 1941ರಲ್ಲೇ ಬರೆದಿದ್ದರು.

ಆಪರೇಷನ್‌ಗೆ ಮೊದಲು ಸಲೈನ್, ಮೂಗಿನಲ್ಲಿ ಪೈಪು. ಕಲ್ಲು ಕೂತ ಜಾಗದ ಗೋಡೆ ನೊಂದಿರುತ್ತದೆ, ಅಲ್ಲಿ ಕೊಯ್ಯುವುದಿಲ್ಲ. ಬೆರಳಿನಿಂದ ಕಲ್ಲನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ, ಚೆನ್ನಾಗಿರುವ ಕಡೆ ಉದ್ದಕ್ಕೆ ಸೀಳಿ ತೆಗೆದು, ಅಡ್ಡಕ್ಕೆ ಹೊಲಿಯುತ್ತಾರೆ. ಉದ್ದಕ್ಕೇ ಹೊಲಿದರೆ, ಕುಪ್ಪಸಕ್ಕೆ ಹೊಲಿಗೆ ಹಿಡಿದ ಹಾಗೆ, ಕರುಳು ಬಿಗಿಯಾಗುತ್ತದೆ. ಆಮೇಲೆ ಕರುಳಿನ ಉದ್ದಕ್ಕೂ ಬೆರಳಾಡಿಸಿ ನೋಡುತ್ತಾರೆ. ತೆಗೆದ ಕಲ್ಲಿಗೆ ಚಪ್ಪಟೆ ಮುಖ ಇದ್ದರಂತೂ ಅನುಮಾನ ಜಾಸ್ತಿ: ಇನ್ನೊಂದು ಕಲ್ಲು ಅದಕ್ಕೆ ಉಜ್ಜಿಕೊಂಡೇ ಇತ್ತು ಅಂತ.

ಈಗ ಪಿತ್ತಕೋಶ. ಅದು ಕರುಳಿಗೆ ಅಂಟಿ ಮುದ್ದೆಯಾಗಿರುತ್ತದೆ. ಅದನ್ನು ಬಿಡಿಸಿದರೆ ತೂತನ್ನೂ ಮುಚ್ಚಬೇಕು. ಆ ಹೊಲಿಗೆ ಸೋರಿದರೆ, ನಾಲ್ಕು ದಿನ ವಾಂತಿಯಿಂದ ಬಸವಳಿದ ಅವ್ವನ ಜೀವಕ್ಕೇ ಸಂಚಕಾರ. ಎಷ್ಟೋ ಸಲ ಆ ತೂತು ತಾನೇ ಮುಚ್ಚಿಕೊಳ್ಳುತ್ತದೆ.

ಪಿತ್ತಕೋಶದಲ್ಲಿ ಕಲ್ಲು ಉಳಿದಿದೆಯಾ ಎಂದು ನಿಮ್ಮ ಸರ್ಜನ್ನರನ್ನೇ ಕೇಳಿ. ಉಳಿದಿದ್ದರೆ, ಅವ್ವ ಚೇತರಿಸಿಕೊಂಡ ಮೇಲೆ ತೆಗೆಯಬೇಕೋ ಬೇಡವೋ ಅವರು ಹೇಳುತ್ತಾರೆ. ಮತ್ತೆ ವಾಂತಿ ಶುರುವಾಗಿ, ಹೊಟ್ಟೆ ಉಬ್ಬಿ ಗಾಳಿಯೂ ಹೋಗದಿದ್ದರೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ರಾಶಿ ಆಮೇಲೆ ಮಾಡಿದರಾಯ್ತು.