ರಿಸೈಕ್ಲರ್‌ವ್ಯೂನಲ್ಲಿ ಕ್ಲಿಕ್: ಒತ್ತಿದ ಸಾಲು ಯಾವುದು?

ಆ್ಯಪ್‌ನ ಪಟ್ಟಿಯಲ್ಲಿ ಬಳಕೆದಾರರು ಯಾವ ಸಾಲು ಒತ್ತಿದರು ಅಂತ ತಿಳಿಯುವುದು ಆಂಡ್ರಾಯ್ಡ್‌ನ ಹಳೆಯ ಲಿಸ್ಟ್‌ವ್ಯೂನಲ್ಲಿ ಸಲೀಸಾಗಿತ್ತು. ಸೆಟ್‌ಆನ್‌ಐಟಮ್‌ಕ್ಲಿಕ್‌ಲಿಸನರ್ (ಲಿಸನರ್ ಅಂದರೆ ಒತ್ತಿದಾಗ ಓಡುವ ಕೋಡ್) ಬರೆದರೆ ಸಾಕು, ಒತ್ತಿದ ಸಾಲಿನ ಪೊಸಿಷನ್, ಅಂದರೆ ಪಟ್ಟಿಯಲ್ಲಿ ಅದರ ಸ್ಥಾನ, ಕೈಗೆ ಬರುತ್ತಿತ್ತು. 2014ರಲ್ಲಿ ಆಂಡ್ರಾಯ್ಡ್ ಲಾಲಿಪಾಪ್ ಕಾಲಕ್ಕೆ, ಪಟ್ಟಿ ತೋರಿಸಲು ಬಂದ ರಿಸೈಕ್ಲರ್‌ವ್ಯೂನಲ್ಲಿ ಆ ಮೆಥಡ್ ಇಲ್ಲ. ಸುಮ್ನೆ ಹುಡುಕಬೇಡಿ. ಕ್ಲಿಕ್ ಕೆಲಸವನ್ನು ಅದು ನಮಗೇ ಬಿಟ್ಟಿದೆ.

ಮೊದಲು ಒಳಗೇನು ನಡೆಯುತ್ತದೆ ನೋಡೋಣ. ಪಟ್ಟಿಯಲ್ಲಿ ಸಾವಿರ ಐಟಮ್ ಇದ್ದರೂ ಸಾವಿರ ವ್ಯೂ ಹುಟ್ಟುವುದಿಲ್ಲ. ಪರದೆಗೆ ಹಿಡಿಸುವಷ್ಟು, ಜೊತೆಗೆ ಇನ್ನೊಂದಿಷ್ಟು ವ್ಯೂಹೋಲ್ಡರ್‌ಗಳು (ಒಂದೊಂದು ಸಾಲಿನ ವ್ಯೂ ಹಿಡಿದಿಡುವ ಆಬ್ಜೆಕ್ಟ್‌ಗಳು) ಮಾತ್ರ. ಅವು ಹುಟ್ಟುವುದು ಅಡಾಪ್ಟರ್‌ನ, ಅಂದರೆ ಡೇಟಾವನ್ನು ಸಾಲುಗಳಿಗೆ ಜೋಡಿಸುವ ಕ್ಲಾಸಿನ, ಆನ್‌ಕ್ರಿಯೇಟ್‌ವ್ಯೂಹೋಲ್ಡರ್‌ನಲ್ಲಿ. ಸ್ಕ್ರೋಲ್ ಮಾಡಿದಾಗ ಮೇಲೆ ಮರೆಯಾದ ಹೋಲ್ಡರ್‌ಗೆ ಅದು ಕೆಳಗೆ ಬರುವ ಮುನ್ನ ಹೊಸ ಡೇಟಾ ತುಂಬುವುದು, ಅಂದರೆ ಬೈಂಡ್ ಮಾಡುವುದು, ಆನ್‌ಬೈಂಡ್‌ವ್ಯೂಹೋಲ್ಡರ್.

ಬೈಂಡ್ ಮೆಥಡ್‌ಗೆ ಪೊಸಿಷನ್ ಬಂದೇ ಇರುತ್ತದೆ. ಲಿಸನರನ್ನು ಅಲ್ಲೇ ಕೂರಿಸಿ, ಅದೇ ಪೊಸಿಷನ್ ಬಳಸೋಣ ಅಂತ ಎಲ್ಲರಿಗೂ ಅನಿಸುತ್ತದೆ. ಎಡವುವುದೂ ಅಲ್ಲೇ. ಒಂದು ತರಕಾರಿ ಪಟ್ಟಿ ತೆಗೆದುಕೊಳ್ಳಿ: 0 ಬದನೆ, 1 ಬೀನ್ಸ್, 2 ಟೊಮೆಟೊ, 3 ಕ್ಯಾರೆಟ್, 4 ಸೌತೆ. ಸಾಲು ಒತ್ತಿದರೆ ಅದು ಅಳಿಯಬೇಕು. ಬೀನ್ಸ್ ಒತ್ತಿದಿರಿ. ಅದನ್ನು ಪಟ್ಟಿಯಿಂದ ತೆಗೆದು, ಒಂದು ಸಾಲು ಹೋಯಿತು ಅಂತ ತಿಳಿಸುವ ನೋಟಿಫೈಐಟಮ್‌ರಿಮೂವ್ಡ್ ಕರೆದಿರಿ. ಕೆಳಗಿನ ಸಾಲುಗಳು ಮೇಲೆ ಸರಿದವು, ಆದರೆ ಅವು ಮತ್ತೆ ಬೈಂಡ್ ಆಗಲಿಲ್ಲ. ಕ್ಯಾರೆಟ್ ಈಗ 2ನೇ ಜಾಗದಲ್ಲಿದೆ. ಅದರ ಲಿಸನರ್ ಮಾತ್ರ 3 ಅಂತಲೇ ನಂಬಿಕೊಂಡಿದೆ. ಕ್ಯಾರೆಟ್ ಒತ್ತಿದರೆ ಸೌತೆ ಹೋಗುತ್ತದೆ! ಸೌತೆಯನ್ನೇ ಒತ್ತಿದ್ದರೆ, ನಾಲ್ಕೇ ಐಟಮ್ ಉಳಿದ ಪಟ್ಟಿಯಲ್ಲಿ 4ನೇ ಇಂಡೆಕ್ಸ್ ಕೇಳಿ ಆ್ಯಪ್ ಕ್ರ್ಯಾಶ್.

ನೋಟಿಫೈಐಟಮ್‌ರಿಮೂವ್ಡ್ ಬದಲು, ಇಡೀ ಪಟ್ಟಿ ಬದಲಾಯಿತು ಅನ್ನುವ ನೋಟಿಫೈಡೇಟಾಸೆಟ್‌ಚೇಂಜ್ಡ್ ಕರೆದರೆ ಎಲ್ಲ ಸಾಲೂ ಮತ್ತೆ ಬೈಂಡ್ ಆಗುವುದರಿಂದ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಎಷ್ಟೋ ಜನರ ಕೋಡಿನಲ್ಲಿ ಇದು ಹೀಗೇ ಅಡಗಿ ಕೂತಿರುತ್ತದೆ. ಆದರೆ ಹೀಗೆ ಮಾಡಿದರೆ ಸಾಲು ಸರಿಯುವ ಅನಿಮೇಷನ್ ಹೋಗುತ್ತದೆ, ಒಂದು ಐಟಮ್ಮಿಗಾಗಿ ಕಾಣುವ ಸಾಲೆಲ್ಲ ಮತ್ತೆ ತುಂಬಬೇಕಾಗುತ್ತದೆ. ನನ್ನ ಪ್ರಕಾರ ಅದು ತೇಪೆ, ಪರಿಹಾರ ಅಲ್ಲ.

ಸರಿಯಾದ ದಾರಿ: ಹೋಲ್ಡರ್ ಹುಟ್ಟುವಾಗಲೇ, ಅದರ ಇನಿಟ್ ಬ್ಲಾಕ್‌ನಲ್ಲಿ (ಕಾಟ್ಲಿನ್‌ನಲ್ಲಿ ಆಬ್ಜೆಕ್ಟ್ ಹುಟ್ಟುವಾಗ ಓಡುವ ಭಾಗ), ಒಂದೇ ಸಲ ಐಟಮ್‌ವ್ಯೂಗೆ, ಅಂದರೆ ಇಡೀ ಸಾಲಿಗೆ, ಸೆಟ್‌ಆನ್‌ಕ್ಲಿಕ್‌ಲಿಸನರ್ ಹಾಕಿ. ಪೊಸಿಷನ್ನನ್ನು ಮೊದಲೇ ಹಿಡಿದಿಟ್ಟುಕೊಳ್ಳಬೇಡಿ. ಬೆರಳು ಬಿದ್ದ ಮೇಲೆ ಬೈಂಡಿಂಗ್‌ಅಡಾಪ್ಟರ್‌ಪೊಸಿಷನ್ ಕೇಳಿ. ಹಳೆಯ ಪಾಠಗಳಲ್ಲಿ ಗೆಟ್‌ಅಡಾಪ್ಟರ್‌ಪೊಸಿಷನ್ ಅಂತ ಇರುತ್ತದೆ. ಅದು ಈಗ ಡೆಪ್ರಿಕೇಟ್ ಆಗಿದೆ, ಅಂದರೆ ಇನ್ನು ಬಳಸಬೇಡಿ ಅಂತ ಗುರುತು ಬಿದ್ದಿದೆ. ಬಂದ ಉತ್ತರ ನೋ_ಪೊಸಿಷನ್, ಅಂದರೆ -1, ಅಲ್ಲ ಅಂತ ನೋಡಿಕೊಂಡೇ ಮುಂದುವರಿಯಿರಿ. ಅಳಿಸಿದ ಸಾಲು ಮಸುಕಾಗಿ ಮರೆಯಾಗುವಷ್ಟರಲ್ಲಿ ಯಾರಾದರೂ ಮತ್ತೆ ಒತ್ತಿದರೆ ಈ -1 ಬರಬಹುದು.

ಕ್ಲಿಕ್ ಆದ ಮೇಲಿನ ಕೆಲಸ, ಅಂದರೆ ಹೊಸ ಪರದೆ ತೆರೆಯುವುದೋ ಅಳಿಸುವುದೋ, ಅಡಾಪ್ಟರ್ ಒಳಗೆ ಬೇಡ. ಅಡಾಪ್ಟರ್‌ನ ಕನ್‌ಸ್ಟ್ರಕ್ಟರ್‌ಗೆ ಒಂದು ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಕೊಡಿ, ಅದಕ್ಕೆ ಪೊಸಿಷನ್ ಬದಲು ಐಟಮ್ಮನ್ನೇ ದಾಟಿಸಿ. ಆಗ ಪಟ್ಟಿ ತೋರಿಸುವ ಪರದೆಯ ಫ್ರಾಗ್ಮೆಂಟ್‌ಗೆ ನಂಬರಿನ ಗೊಡವೆಯೇ ಇರುವುದಿಲ್ಲ, ಅಲ್ವಾ?

ಸಾಲಿನೊಳಗೆ ಡಿಲೀಟ್ ಬಟನ್ ಇದ್ದರೆ ಅದಕ್ಕೆ ಬೇರೆ ಲಿಸನರ್ ಬೇಕು. ಬಟನ್ ಒತ್ತಿದಾಗ ಆ ಟಚ್ ಸಾಲಿನ ಲಿಸನರ್‌ಗೆ ಹೋಗುವುದಿಲ್ಲ. ಬಟನ್ ಕನಿಷ್ಠ 48 ಡಿಪಿ (ಪರದೆಯ ಸಾಂದ್ರತೆಗೆ ಹೊಂದಿಕೊಳ್ಳುವ ಅಳತೆ) ಇರಲಿ. ಒತ್ತಿದ್ದು ಕಾಣಲು ಸಾಲಿನ ಬ್ಯಾಕ್‌ಗ್ರೌಂಡ್‌ಗೆ ಸೆಲೆಕ್ಟಬಲ್‌ಐಟಮ್‌ಬ್ಯಾಕ್‌ಗ್ರೌಂಡ್ ಕೊಡಿ.

ಚೆಕ್‌ಬಾಕ್ಸ್ ಇದ್ದರೆ ತಲೆನೋವು ಸ್ವಲ್ಪ ಜಾಸ್ತಿ. ಬೈಂಡ್ ಮಾಡುವಾಗ ನಾವು ಟಿಕ್ ಬದಲಿಸಿದರೂ ಆನ್‌ಚೆಕ್ಡ್‌ಚೇಂಜ್ಡ್ ಓಡುತ್ತದೆ. ಆ ಹೋಲ್ಡರ್‌ನಲ್ಲಿ ಹಿಂದಿನ ಐಟಮ್ಮಿನ ಲಿಸನರ್ ಉಳಿದಿದ್ದರೆ, ಸ್ಕ್ರೋಲ್ ಮಾಡಿದ್ದಕ್ಕೇ ಆ ಐಟಮ್ಮಿನ ಟಿಕ್ ಬದಲಾಗುತ್ತದೆ. ಟಿಕ್ ಬದಲಿಸುವ ಮೊದಲು ಲಿಸನರ್ ನಲ್ ಮಾಡಿ, ಆಮೇಲೆ ಹೊಸದನ್ನು ಹಾಕಬಹುದು. ನನಗೆ ಹಿಡಿಸಿದ್ದು ಇನ್ನೊಂದು ದಾರಿ: ಚೆಕ್‌ಬಾಕ್ಸ್‌ಗೂ ಸಾದಾ ಕ್ಲಿಕ್ ಲಿಸನರ್ ಹಾಕುವುದು. ಕೋಡ್ ಟಿಕ್ ಬದಲಿಸಿದಾಗ ಅದು ಓಡುವುದಿಲ್ಲ, ಬಳಕೆದಾರರು ಒತ್ತಿದಾಗ ಮಾತ್ರ ಓಡುತ್ತದೆ.